ಬಿಸಿಲೇರದೆ ಹೂಂ ಅನ್ನದ ಬಸವಣ್ಣೆವ್ವ

ಬೆಳಗಾವಿ ಕ್ಯಾಂಪಿನ ಕೃಷ್ಣಾಜಿಯವರ ಅಂಗಡಿಯ ಕಟ್ಟೆಯ ಮೇಲೆ ಒಂದು ಕರಿ ಕಂಬಳಿ ಕೂತಿದೆ. ಸೂರ್ಯ ಈಗಷ್ಟೇ ಎದುರು ಸಾಲಿನ ಹೆಂಚುಗಳ ಮೇಲೆ ಮುಖ ತೋರಿಸಿದ್ದಾನೆ. ಕಂಬಳಿಯ ಒಂದು ಬದಿಯಿಂದ ಕ್ಯಾಮರಾದ ಮೂತಿ ಚಾಚಿಕೊಂಡಿದೆ, ಇನ್ನೊಂದು ಬದಿಯಿಂದ ಸೀರೆಯ ಸೆರಗು. ಒಳಗಿರುವವರು ಖಾನಾಪುರದ ಬಸವಣ್ಣೆವ್ವ, ವಯಸ್ಸು ನಲವತ್ತಾರು. ಹಳೆಯ ಕ್ಯಾಮರಾ ಕೊಳ್ಳುವ ತಿಳಿವಳಿಕಸ್ಥರು ಮೊದಲು ಇವರನ್ನು ಕರೆತರುತ್ತಾರೆ. ಇವರು ಹೂಂ ಅಂದರೆ ಕೊಳ್ಳುತ್ತಾರೆ, ಇಲ್ಲ ಅಂದರೆ ಬರಿಗೈಯಲ್ಲಿ ರೈಲು ಹತ್ತುತ್ತಾರೆ.

"ಏನ ಕಾಣತೈತ್ರಿ ಅವ್ವಾರ?" ಗುರುಪುತ್ರಪ್ಪ ಮಾಸ್ತರರಿಗೆ ತಡೆಯಲಾಗುತ್ತಿಲ್ಲ. ಖಾನಾಪುರದ ಶಾಲೆಯ ಈ ಮಾಸ್ತರರೇ ಇವತ್ತಿನ ಗಿರಾಕಿ.

"ಕತ್ತಲಿ ಕಾಣತೈತಿ. ಸುಮ್ಕ ನಿಂದರ್ರಿ."

ಇದು ಎರಡೂಕಾಲು ಅಂಗುಲದ ಸುರುಳಿ ಫಿಲ್ಮು ಹಾಕುವ, ಮಡಿಚಿ ಕೋಟಿನ ಕಿಸೆಗೆ ಸೇರಿಸಬಹುದಾದ ಕ್ಯಾಮರಾ. ಊರಿಗೆ ಹೊರಟ ಯಾವನೋ ಪಲ್ಟಣಿನ ಸಾಹೇಬ ಮಾರಿ ಹೋದದ್ದು. ಮಸೂರಕ್ಕೂ ಫಿಲ್ಮಿಗೂ ನಡುವೆ ಇದಕ್ಕೊಂದು ತೊಗಲಿನ ತಿದಿಯಿದೆ, ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ. ಅದರಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ನುಗ್ಗಿ ಸುರುಳಿಯ ಎಂಟೂ ಚಿತ್ರ ಹಾಳಾಗುತ್ತವೆ. ಹಿಂಬಾಗಿಲು ತೆರೆದು, ಕಂಬಳಿ ಹೊದ್ದು, ತಿದಿಯನ್ನು ಬಿಸಿಲಿಗೆ ಹಿಡಿದು ಒಳಗಿಂದ ನೋಡಿದರೆ ತೂತು ಮಿನುಗುತ್ತದೆ. ಬಸವಣ್ಣೆವ್ವ ಅದನ್ನು ಚಿಕ್ಕಿ, ಅಂದರೆ ನಕ್ಷತ್ರ, ಅನ್ನುತ್ತಾರೆ.

ಅವರು ಕಂಬಳಿ ಸರಿಸಿ ಹೊರಬರುತ್ತಾರೆ. "ಚಿಕ್ಕಿ ಇಲ್ರಿ. ಒಂದೂ ಇಲ್ಲ."

ಕೃಷ್ಣಾಜಿಯವರ ಮುಖ ಅರಳುತ್ತದೆ. ಅರಳಲೇಬೇಕು. ಹಳೆ ಸಾಮಾನಿನ ಅಂಗಡಿಕಾರರೆಲ್ಲ ಕಳೆದ ದೀಪಾವಳಿಯಲ್ಲಿ ಕೂಡಿ ಮಾತಾಡಿಕೊಂಡಿದ್ದಾರೆ: ಈ ಹೆಂಗಸು ಜೊತೆಗಿದ್ದರೆ ಯಾರಿಗೂ ಕ್ಯಾಮರಾ ತೋರಿಸಬಾರದು. ಇವತ್ತು ಬಾಗಿಲು ತೆರೆದದ್ದು ಒಂದು ಕರಾರಿನ ಮೇಲೆ. ದೋಷ ಸಿಕ್ಕರೆ ಆ ಕಟ್ಟು ಮುರಿದು ಎಲ್ಲ ಅಂಗಡಿಗಳೂ ಅವರಿಗೆ ಮೊದಲಿನಂತೆ ತೆರೆಯಬೇಕು. ಸಿಗದಿದ್ದರೆ ಬಸವಣ್ಣೆವ್ವ ಇನ್ನೆಂದೂ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಬಾರದು.

"ಮುಗೀತಲ್ರಿ, ಬಾಯಾರ. ಹೂಂ ಅನ್ರಿ, ಗಾಡಿ ಹಿಡೀರಿ."

"ಮುಗದಿಲ್ಲ ಕೃಷ್ಣಾಜಿರಾವ್. ಬಿಸಲ ಏರಲಿ."

ಅವರು ಕ್ಯಾಮರಾವನ್ನು ಪೂರ್ತಿ ಬಿಚ್ಚಿ ಕಟ್ಟೆಯ ಕಲ್ಲಿನ ಮೇಲಿಟ್ಟು, ಬಾಜೂಕ್ಕೆ ತಾವೂ ಕೂತುಬಿಡುತ್ತಾರೆ. ಏಪ್ರಿಲ್ ತಿಂಗಳು. ಹೋಗಿಬರುವವರು ನಿಂತು ನೋಡಿ ನಗುತ್ತಾರೆ. ನಗಲಿ.

ಈ ವಿದ್ಯೆ ಬಂದದ್ದು ಹಾರ್ಮೋನಿಯಂನಿಂದ, ಅಂದರೆ ಈ ಕಡೆಯವರ ಪೇಟಿಯಿಂದ. ಗಂಡ ಬಾಳಪ್ಪ ನಾಟಕ ಕಂಪನಿಗಳ ಪೇಟಿ ರಿಪೇರಿ ಮಾಡುತ್ತಿದ್ದರು. ಹತ್ತು ವರ್ಷದ ಹಿಂದೆ ಊರೂರು ಬಡಿದ ಜ್ವರದಲ್ಲಿ ತೀರಿಕೊಂಡರು. ತಿದಿಗೆ ತೊಗಲಿನ ಪಟ್ಟಿ ಅಂಟಿಸುವ ಕೆಲಸವನ್ನು ಬಸವಣ್ಣೆವ್ವ ಕೈಗೆತ್ತಿಕೊಂಡರು. ಒಮ್ಮೆ ಸ್ಟುಡಿಯೋದವರೊಬ್ಬರು ಸೋರುವ ಕ್ಯಾಮರಾ ತಂದು ಮುಂದಿಟ್ಟಾಗ ಅವರಿಗೆ ಅದು ಹೊಸದೆನ್ನಿಸಲಿಲ್ಲ. "ಪೇಟಿ ಗಾಳಿ ಸೋರತೈತಿ, ಇದು ಬೆಳಕ ಸೋರತೈತಿ. ಅಷ್ಟ ಫರಕ," ಅನ್ನುತ್ತಾರೆ.

ಲಿಂಗವಂತರ ಹೆಣ್ಣುಮಗಳು ತೊಗಲು ಮುಟ್ಟುತ್ತಾಳೆಂದು ಬಳಗದವರು ಅವರ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟರು. ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನನಗೆ ಈ ಮಾತು ಕೇಳಿಯೇ ಮೈ ಉರಿಯಿತು. ಅವರಿಗೆ ನಗು.

"ಹಿರ್ಯಾರು ಐದು ಮಂದಿ ಬಂದಿದ್ರು, ಬುದ್ಧಿ ಹೇಳಾಕ. ಬಾಗಲದಾಗ ಐದು ಜೋಡಿ ಚಪ್ಪಲಿ ಬಿಟ್ಟಿದ್ರು. 'ಅವು ಯಾತರದು ಅದಾವ್ರಿ?' ಅಂತ ಕೇಳಿದ್ನಿ. ತಿರುಗಿ ಬರ್ಲಿಲ್ಲ ನೋಡ್ರಿ."

ಇದುವರೆಗೆ ನೋಡಿದ ಹಳೆ ಕ್ಯಾಮರಾಗಳು ನೂರಾ ಅರವತ್ತು. ಹೂಂ ಅಂದದ್ದು ನಲವತ್ತೊಂದಕ್ಕೆ. ಮಸೂರದ ಮೇಲೆ ಉಸಿರು ಬಿಟ್ಟು ಬೂಸಲು ಹುಡುಕುತ್ತಾರೆ, ಮುಂಭಾಗವನ್ನು ಹಿಡಿದು ಅಲ್ಲಾಡಿಸುತ್ತಾರೆ, ಫಿಲ್ಮಿನ ಅಂಕಿ ಕಾಣಿಸುವ ಹಿಂದಿನ ಕೆಂಪು ಕಿಟಕಿ ಮಾಸಿದೆಯೇ ನೋಡುತ್ತಾರೆ. ಹೊಳಪಿಗೆ ಮಾತ್ರ ಮರುಳಾಗುವುದಿಲ್ಲ. ನಿಕ್ಕಲ್ ಲೇಪದ ಹೊಳಪು ನೋಡಿ ಜೇಬು ಬಿಚ್ಚುವ ನಮ್ಮ ಪೇಟೆಯ ಶೋಕಿಲಾಲರು ಇದನ್ನು ಕಲಿಯಲಿ.

ಆದರೆ ಆ ನಲವತ್ತೊಂದರಲ್ಲಿ ಒಂದು ತಪ್ಪು. ಅದನ್ನು ನಾನು ಕೇಳಲಿಲ್ಲ, ಅವರೇ ಹೇಳಿದರು. ಲೋಂಡಾದ ರೈಲ್ವೆ ಗಾರ್ಡ್ ರಾಯಪ್ಪನವರಿಗಾಗಿ ಒಂದು ಕ್ಯಾಮರಾವನ್ನು ನಸುಕಿನ ತಂಪಿನಲ್ಲಿ ನೋಡಿ ಹೂಂ ಅಂದಿದ್ದರು. ಮಗಳ ಮದುವೆಯ ಎಂಟು ಚಿತ್ರಗಳಿಗೂ ಅಡ್ಡಲಾಗಿ ಬಿಳಿ ಬರೆ. ಯಾರೋ ತೂತುಗಳಿಗೆ ಮೇಣ, ಎಣ್ಣೆ, ಕಾಡಿಗೆ ಕಲಸಿ ಮೆತ್ತಿದ್ದರು; ಮದುವೆ ಹಂದರದ ಬಿಸಿಲಿಗೆ ಅದು ಕರಗಿತ್ತು.

"ಆ ಹುಡಿಗೀ ಮದುವಿ ಮತ್ತ ಆಗತೈತೇನ್ರಿ? ಆವತ್ತಿನಿಂದ ಬಿಸಲಿಗೆ ಇಡದ ನಾ ಹೂಂ ಅನ್ನಂಗಿಲ್ಲ."

ಮಧ್ಯಾಹ್ನ ಹನ್ನೆರಡೂವರೆ. ಕಲ್ಲು ಕಾಲಿಡಲಾರದಷ್ಟು ಕಾದಿದೆ. ಬಸವಣ್ಣೆವ್ವ ತಿದಿಯನ್ನು ನಾಲ್ಕು ಸಲ ಮಡಿಚಿ ಬಿಚ್ಚಿ, ಮೂಲೆಯನ್ನು ಬೆರಳಿಂದ ಒರೆಸುತ್ತಾರೆ. ಬೆರಳ ತುದಿ ಕಪ್ಪಗೆ ಜಿಡ್ಡಾಗುತ್ತದೆ. ಈ ಸಲ ತಾವು ಕಂಬಳಿ ಹೊದೆಯುವುದಿಲ್ಲ, ಅಂಗಡಿಕಾರರ ಕಡೆ ಚಾಚುತ್ತಾರೆ.

"ನೀವ ನೋಡ್ರಿ."

ನೆರೆದವರ ಮುಂದೆ ಕೃಷ್ಣಾಜಿ ಟೊಪ್ಪಿಗೆ ತೆಗೆದು ಕಂಬಳಿಯೊಳಗೆ ತಲೆ ತೂರಿಸುತ್ತಾರೆ. ಬಹಳ ಹೊತ್ತು ಹೊರಗೆ ಬರುವುದಿಲ್ಲ.

"ಎಷ್ಟ ಚಿಕ್ಕಿ ಅದಾವ್ರಿ?"

"ಏಳು," ಎಂದು ಕಂಬಳಿ ಉತ್ತರ ಕೊಡುತ್ತದೆ.

ಮಾಸ್ತರರು ಕ್ಯಾಮರಾ ಕೊಳ್ಳುವುದಿಲ್ಲ. ಕೃಷ್ಣಾಜಿ ಮಾತಿಗೆ ತಪ್ಪುವವರಲ್ಲ. ಕಟ್ಟು ಮುರಿಯಿತೆಂದು ತಿಳಿಸಲು ಉಳಿದ ಅಂಗಡಿಗಳಿಗೆ ಆಗಲೇ ಆಳನ್ನು ಅಟ್ಟುತ್ತಾರೆ. ಆಮೇಲೆ ಬಸವಣ್ಣೆವ್ವನವರಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಮೆಲ್ಲಗೆ ಇನ್ನೊಂದು ಮಾತು ತೆಗೆಯುತ್ತಾರೆ: ತಮ್ಮ ಅಂಗಡಿಯಲ್ಲೇ ಕೂತು ಸಾಮಾನು ನೋಡಿಕೊಡಲಿ, ತಿಂಗಳಿಗೆ ಇಷ್ಟೆಂದು ಪಗಾರ. ನಾಟಕದ ಸುಗ್ಗಿ ಮುಗಿದು ಪೇಟಿ ಕೆಲಸ ನಿಂತಿರುವ ದಿನಗಳಿವು. ಒಪ್ಪಿಕೊಳ್ಳಲಿ ಎಂದು ನಾನೂ ಮನಸ್ಸಿನಲ್ಲೇ ಬಯಸುತ್ತೇನೆ.

ಬಸವಣ್ಣೆವ್ವ ಚಹಾ ಕುಡಿದು ಮುಗಿಸುತ್ತಾರೆ. ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಪಗಾರ ಕೊಟ್ಟಾವರ ಮುಂದ 'ಇಲ್ಲ' ಅನ್ನಾಕ ನಾಲಗಿ ಏಳೂದಿಲ್ರಿ, ಕೃಷ್ಣಾಜಿರಾವ್," ಅನ್ನುತ್ತಾರೆ. "ನನ್ನ ದಂಧೇನ 'ಇಲ್ಲ' ಅನ್ನೂದೈತಿ."