ಬಿಡಿಸುವ ಕೆಲಸ

ಗಲ್ಫಿನ ರಾಸ್ ಅಲ್ ಖೋರ್‌ನಲ್ಲಿರುವ ನನ್ನ ಗ್ಯಾರೇಜಿಗೆ ಕಾರು ತರುತ್ತಿದ್ದ ಉಡುಪಿ ಕಡೆಯ ಪ್ರೊಫೆಸರೊಬ್ಬರು ಪಕ್ಕದಲ್ಲೇ ನಿಂತು, "ಅದು ಯಾಕೆ ಹಾಗೆ ಮಾರಾಯ್ರೆ?" ಅಂತ ಕೇಳುತ್ತಲೇ ಇರುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಉತ್ತರವನ್ನು ಪೂರ್ತಿ ಕೇಳುತ್ತಿದ್ದರು.

ಕಾರಿನ ಸೈಲೆನ್ಸರ್ ಪೈಪಿನೊಳಗಿನ ಪ್ಲಾಟಿನಂ, ವಿಷದ ಹೊಗೆಯ ಅಣುಗಳನ್ನು ಹೇಗೆ ಮುರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರ ಕೆಲಸ. ಎರಡು ಕೈಗಳ ಬೆರಳು ಹೆಣೆದು, ಎಳೆದು ತೋರಿಸುತ್ತಿದ್ದರು.

"ಅಮ್ಮನಿಗೆ ಮಾತ್ರ ಇವತ್ತಿಗೂ ಅರ್ಥ ಮಾಡಿಸ್ಲಿಕ್ಕೆ ಆಗ್ಲಿಲ್ಲ. ಮುರಿಯುವ ಕೆಲಸಕ್ಕೆ ಯಾರು ಸಂಬಳ ಕೊಡ್ತಾರೆ ಅಂತ ಕೇಳ್ತಾರೆ," ಎಂದು ಒಮ್ಮೆ ಬೇಸರಪಟ್ಟರು.

ನಾನು ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ಯಾನರ್ ಹಾಕುತ್ತಿದ್ದೆ. "ಬಿಡಿಸುವುದು ಅನ್ನಿ ಸರ್. ಮುರಿಯಲಿಕ್ಕೆ ಯಾರಿಗೂ ಬರ್ತದೆ. ಬಿಡಿಸಲಿಕ್ಕೆ ಕೆಲಸ ಗೊತ್ತಿರ್ಬೇಕು" ಅಂದೆ.

ಅವರು ಅಲ್ಲೇ ಊರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. "ಅಮ್ಮಾ, ಪ್ಲಾಟಿನಂ ಹೊಗೆಯನ್ನು ಹೇಗೆ ಬಿಡಿಸ್ತದೆ ಅಂತ ನೋಡುವುದು ನನ್ನ ಕೆಲಸ."

"ಹಲಸಿನ ಹಣ್ಣು ಬಿಡಿಸಿದ ಹಾಗಾ?"

"ಹೌದಮ್ಮ, ಹಾಗೇ."

"ಮೊದಲೇ ಹೇಳ್ಬಾರ್ದಿತ್ತಾ? ಮತ್ತೆ ಅದರ ಕೈಗೆ ಮೇಣ ಅಂಟುವುದಿಲ್ವಾ?"

"ಅಂಟ್ತದೆ ಅಮ್ಮ. ಹೊಗೆಯದ್ದೇ ಅಂಟಿಕೊಂಡು ಪ್ಲಾಟಿನಂ ಕೆಲಸ ನಿಲ್ಲಿಸ್ತದೆ. ಅದೇ ನನ್ನ ತಲೆನೋವು."

"ಎಣ್ಣೆ ಹಚ್ಚಿಕೊಳ್ಳಲಿಕ್ಕೆ ಹೇಳು."

ಪ್ರೊಫೆಸರು ನಗು ತಡೆಯಲಾಗದೆ ಬಾನೆಟ್ಟಿಗೆ ಒರಗಿದರು. "ಕೇಳಿದ್ರಾ? ಮೂರು ವರ್ಷದಿಂದ ನಾನು ಹುಡುಕ್ತಿರುವುದು ಆ ಎಣ್ಣೆಯನ್ನೇ ಮಾರಾಯ್ರೆ."