ಮೊಟ್ಟೆಯ ಕುಳಿಯಲ್ಲಿ ಮೂಗಿನ ಸ್ಪ್ರೇ

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆ ಇಡಲೆಂದು ಮಾಡಿದ ಆರು ಕುಳಿಗಳಿವೆ. ಮೊಟ್ಟೆ ತಿನ್ನದ ಮನೆಗಳಲ್ಲಿ ಈ ಕುಳಿಗಳ ಪಾಡು ಏನೆಂದು ನಿಮಗೂ ಗೊತ್ತಿರಬೇಕು: ಒಂದರಲ್ಲಿ ಅರ್ಧ ಹಿಂಡಿದ ನಿಂಬೆಹಣ್ಣು, ಒಂದರಲ್ಲಿ ಒಣಗಿದ ಶುಂಠಿ, ಮತ್ತೊಂದರಲ್ಲಿ ಯಾವ ಕಾಲದ್ದೋ ಕಣ್ಣಿನ ಔಷಧಿ. ಕೊನೆಯ ಕುಳಿಯಲ್ಲಿ ಒಂದೂವರೆ ವರ್ಷ ಗದ್ದುಗೆಯೇರಿ ಕುಳಿತಿದ್ದದ್ದು ನನ್ನ ಮೂಗಿನ ಸ್ಪ್ರೇ, ಹೆಬ್ಬೆರಳೆತ್ತರದ ಒಂದು ಬಿಳಿ ಶೀಶೆ.

ತುಮಕೂರಿನವರಾದ ನಾವು ಅಹಮದಾಬಾದಿಗೆ ಬಂದು ಆರು ವರ್ಷವಾಯಿತು. ನಮ್ಮ ಯಜಮಾನರದು ವಿಮೆಯ ಕಚೇರಿ. ವರ್ಗವಾದಲ್ಲಿಗೆಲ್ಲ ನಾನೂ ಪಾತ್ರೆಪಡಗದ ಜೊತೆ ಗಂಟು ಕಟ್ಟಿಕೊಂಡು ಹೊರಡುವವಳು. ಇಲ್ಲಿನ ಬಿಸಿಲು ಒಗ್ಗಿತು, ಬೇಳೆಗೆ ಬೆಲ್ಲ ಹಾಕುವುದೂ ಒಗ್ಗಿತು, ಧೂಳು ಮಾತ್ರ ಒಗ್ಗಲಿಲ್ಲ. ಬೆಳಗೆದ್ದರೆ ಹತ್ತು ಸೀನು, ಆಮೇಲೆ ಮೂಗಿನ ಎರಡೂ ಬಾಗಿಲು ಬಂದ್. ಮೂಗು ಸೀಟಿ ಬಿಸಾಡಬಾರದಿತ್ತೇ ಎನ್ನುತ್ತೀರಿ. ನಾನು ಓದಿದ ಕಾನ್ವೆಂಟಿನಲ್ಲಿ ಪ್ರತಿ ಹುಡುಗಿಯ ಎದೆಯ ಮೇಲೂ ಪಿನ್ನು ಚುಚ್ಚಿದ ಕರವಸ್ತ್ರವಿರಬೇಕಿತ್ತು, ಆದರೆ ಅದನ್ನು ಸದ್ದಾಗುವಂತೆ ಬಳಸಿದವಳು ಸಂಸ್ಕಾರಗೆಟ್ಟವಳೆಂದೇ ಅರ್ಥ. ಹಾಗೆ ಬೆಳೆದವಳಿಗೆ, ಯಾರಿಗೂ ಕೇಳಿಸದ ಹಾಗೆ ಒಮ್ಮೆ ಪುಸ್ಸೆಂದು ಮೂಗಿನೊಳಗೆ ಕಿಟಕಿ ತೆರೆದುಬಿಡುವ ಔಷಧಿ ಎಷ್ಟು ಮರ್ಯಾದಸ್ಥವಾಗಿ ಕಂಡಿತೆಂದರೆ, ಔಷಧಿ ಅಂಗಡಿಯವನು ಮೂರೇ ದಿನಕ್ಕೆಂದು ಕೊಟ್ಟದ್ದನ್ನು ನಾನು ಮೂರು ಋತುಗಳಿಗೂ ಎಳೆದೆ. ನಾಲ್ಕು ಗಂಟೆ ತೆರೆದಿರುತ್ತಿದ್ದ ಕಿಟಕಿ ಐದನೆಯ ಗಂಟೆಗೆ ಮೊದಲಿಗಿಂತ ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ಪುಸ್.

"ಏನೇ, ದೇವರ ದೀಪಕ್ಕೂ ಇಷ್ಟು ಸಲ ಎಣ್ಣೆ ಹಾಕಲ್ವಲ್ಲೇ ನೀನು," ಎಂದು ಯಜಮಾನರು ಛೇಡಿಸುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನನ್ನ ಮೂಗಿಗೆ ಒಂದು ಹುದ್ದೆಯಿತ್ತು. ಬೇಸಿಗೆ ಬಂತೆಂದರೆ ಇಲ್ಲಿ ಶಾಮಿಯಾನ ಹಾಕಿ ಮಸಾಲೆ ಮಾರುತ್ತಾರೆ. ಹೆಂಗಸರು ಗುಂಪಾಗಿ ಹೋಗಿ ವರ್ಷಕ್ಕಾಗುವಷ್ಟು ಮೆಣಸಿನಕಾಯಿ, ಅರಿಸಿನ, ಕೊತ್ತಂಬರಿ ಬೀಜ ಆರಿಸಿ, ಅಲ್ಲೇ ಕುಟ್ಟಿಸಿ ಡಬ್ಬ ತುಂಬಿಸಿಕೊಂಡು ಬರುತ್ತಾರೆ. ಹಿಂದೊಂದು ವರ್ಷ ನೋಡಲು ಹೊಸದರಂತಿದ್ದ ಕೊತ್ತಂಬರಿಯನ್ನು ಮೂಸಿ, ಇದು ಹಳೆಯದೆಂದು ನಾನು ಹೇಳಿದ್ದು ನಿಜವಾಗಿಬಿಟ್ಟಿತ್ತು. ಅಂದಿನಿಂದ ಎದುರುಮನೆಯ ಭಾವನಾಬೆನ್ ಸೇರಿ ನಾಲ್ಕು ಮನೆಗಳ ವರ್ಷದ ರುಚಿ ನನ್ನ ಮೂಗಿನ ಮೇಲೆ ನಿಂತಿತು. ಊರು ಬಿಟ್ಟು ಊರಿಗೆ ಬಂದ ಗೃಹಿಣಿಗೆ ಇದೇನು ಸಣ್ಣ ಪದವಿಯೇ? ಅಲ್ಲಿಯತನಕ ನಾನು ಮೂರನೇ ಮಹಡಿಯ ಸೌತ್‌ವಾಲಿ. ಆಮೇಲೆ ಹೆಸರು ಹಿಡಿದು ಕರೆಯತೊಡಗಿದರು.

ಈ ವರ್ಷವೂ ಹೊರಟೆವು. ಮೆಟ್ಟಿಲ ತಿರುವಿನಲ್ಲಿ ಮರೆಯಾಗಿ ನಿಂತು ಎರಡು ಸಲ ಪುಸ್ ಎನ್ನಿಸಿಕೊಂಡೆ. ಶಾಮಿಯಾನದೊಳಗೆ ಮೆಣಸಿನ ಘಾಟಿಗೆ ಎಲ್ಲರೂ ಸೆರಗು, ದುಪ್ಪಟ್ಟಾ ಮುಚ್ಚಿಕೊಂಡು ಸೀನುತ್ತಿದ್ದರೆ ನಾನೊಬ್ಬಳು ಮಹಾರಾಣಿಯಂತೆ ನಿಂತಿದ್ದೆ. ಭಾವನಾಬೆನ್ ಅಂಗೈ ತುಂಬ ಕೊತ್ತಂಬರಿ ಬೀಜ ಉಜ್ಜಿ ನನ್ನ ಮುಂದೆ ಹಿಡಿದರು.

"ಸೂಂಘೋ ನೆ, ಬೆನ್." ಮೂಸಿ ನೋಡಿ ಅಂತ.

ಮೂಸಿದೆ. ಉಸಿರು ಸರಾಗವಾಗಿ ಒಳಗೆ ಹೋಯಿತು, ಅದರ ಬೆನ್ನಿಗೆ ಏನೂ ಬರಲಿಲ್ಲ. ಸ್ಪ್ರೇ ದಾರಿಯನ್ನೇನೋ ಗುಡಿಸಿಟ್ಟಿತ್ತು, ಆ ದಾರಿಯಲ್ಲಿ ಬರಬೇಕಾದ ನೆಂಟರೇ ಯಾವತ್ತೋ ಊರು ಬಿಟ್ಟಿದ್ದರು. ನನಗೆ ವಾಸನೆ ಬರುತ್ತಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾಲ್ಕು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. "ಬಹು ಸರಸ್," ಬಹಳ ಚೆನ್ನಾಗಿದೆ, ಎಂದುಬಿಟ್ಟೆ. ನಾಲ್ಕೂ ಮನೆಯವರು ಕುಟ್ಟಿಸಿಕೊಂಡರು. ನಾನು ಹುರಿದು ಪುಡಿ ಮಾಡಿಕೊಳ್ಳುವವಳಾದ್ದರಿಂದ ಬೀಜವನ್ನೇ ತಂದೆ.

ಮರುದಿನ ಯಜಮಾನರು ಒಂದು ತುತ್ತು ಸಾರನ್ನ ಬಾಯಿಗಿಟ್ಟು ತಟ್ಟೆ ಸರಿಸಿದರು. "ಸಾರಿಗೇನು ಗೋಣಿಚೀಲ ನೆನೆಹಾಕಿದ್ಯೇನೇ? ಮುಗ್ಗಲು ಹೊಡೀತಿದೆ."

ಎದುರುಮನೆಯ ಗಂಟೆ ಒತ್ತಿ, ಕಾನ್ವೆಂಟಿನ ಹೆಡ್ ಸಿಸ್ಟರ್ ಕೋಣೆಯ ಮುಂದೆ ನಿಲ್ಲುತ್ತಿದ್ದಂತೆಯೇ ಕೈಕಟ್ಟಿ ನಿಂತೆ. ಶೀಶೆಯ ಕತೆಯನ್ನೆಲ್ಲ ಹೇಳಿದೆ. ಭಾವನಾಬೆನ್ ತಮ್ಮ ಹಿಂದಿಯಲ್ಲಿ ಮೆಲ್ಲಗೆ, "ನನಗೆ ಮನೆಗೆ ಬಂದ ಕೂಡಲೇ ಗೊತ್ತಾಯಿತು. ನೀವು ಸರಸ್ ಅಂದಿದ್ದಿರಲ್ಲ, ನನ್ನ ಮೂಗೇ ಕೆಟ್ಟಿದೆ ಅಂದುಕೊಂಡೆ. ನಮ್ಮತ್ತೆಯೂ ಹಾಗೇ ಅಂದುಕೊಂಡು ಸುಮ್ಮನೆ ತಿಂದರು," ಎಂದರು.

ಬೈದಿದ್ದರೆ ವಾಸಿಯಿತ್ತು. ನಮ್ಮ ಮಾತಿಗಾಗಿ ಇನ್ನೊಬ್ಬರು ತಮ್ಮ ಮೂಗನ್ನೇ ಅನುಮಾನಿಸುವಷ್ಟು ನಂಬಿಕೆ ಗಳಿಸುವುದು ಎಂಥ ಭಾರವೆಂದು ಅಂದೇ ನನಗೆ ತಿಳಿದದ್ದು.

ಡಾಕ್ಟರು ಶೀಶೆಯನ್ನು ನೋಡಿ ನಿಟ್ಟುಸಿರಿಟ್ಟರು. ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ಸುಧಾರಿಸಿದ ಮೇಲೆ ಇನ್ನೊಂದಕ್ಕೆ ಎಂದರು. ಉಪ್ಪುನೀರಿನಲ್ಲಿ ತೊಳೆಯಲು ಹೇಳಿ, ಅವಸರವಿಲ್ಲದ ಬೇರೊಂದು ಔಷಧಿ ಬರೆದರು. ಕೆಲವು ದಿನ ನನ್ನ ಬಲಹೊಳ್ಳೆ ಸನ್ಯಾಸಿ, ಎಡಹೊಳ್ಳೆ ಸಂಸಾರಿ. ಆಮೇಲೆ ಎರಡೂ ಕಾವಿ ತೊಟ್ಟು, ನಾನು ಬಾಯಲ್ಲಿ ಉಸಿರಾಡುತ್ತ, ಕರವಸ್ತ್ರದಲ್ಲಿ ಲಜ್ಜೆಯಿಲ್ಲದೆ ಸದ್ದು ಮಾಡುತ್ತ ದಿನ ನೂಕಿದೆ. ಶೀಶೆ ಖಾಲಿ ಮಾಡಿದ ಕುಳಿಯಲ್ಲಿ ಉಳಿದ ಕೊತ್ತಂಬರಿ ಬೀಜದ ಪೊಟ್ಟಣವೊಂದನ್ನಿಟ್ಟು, ದಿನಾ ಬೆಳಗ್ಗೆ ಬಿಚ್ಚಿ ಮೂಸುತ್ತಿದ್ದೆ. ಏನೂ ಇಲ್ಲ. ಏನೂ ಇಲ್ಲ. ಒಂದು ಬೆಳಗ್ಗೆ, ಹಾಲು ಒಲೆಯ ಮೇಲಿದ್ದಾಗ, ತೇವದ ಗೋಣಿಚೀಲದ ಮುಗ್ಗಲು ನೇರ ನೆತ್ತಿಗೇರಿತು. ಅಷ್ಟು ಕೆಟ್ಟ ವಾಸನೆಯನ್ನು ಅಷ್ಟು ಸಂತೋಷದಿಂದ ಯಾರೂ ಮೂಸಿರಲಾರರು. ಹಾಲು ಉಕ್ಕಲು ಬಿಟ್ಟು ಎದುರುಮನೆಗೆ ಓಡಿದೆ.

ಭಾವನಾಬೆನ್ ಪೊಟ್ಟಣ ಮೂಸಿ ಮುಖ ಕಿವುಚಿದರು, ನನ್ನ ಮುಖ ನೋಡಿ ನಕ್ಕರು. ಆ ವಾರ ಮತ್ತೆ ಶಾಮಿಯಾನಕ್ಕೆ ಹೋದೆವು. ಈ ಸಲ ನಾನು ಕೊನೆಯಲ್ಲಿ ಮೂಸಿದೆ, ಅವರೆಲ್ಲ ಮೂಸಿ ಹೇಳಿದ ಮೇಲೆ.

ಪೊಟ್ಟಣ ಇನ್ನೂ ಮೊಟ್ಟೆಯ ಕುಳಿಯಲ್ಲೇ ಇದೆ. ಫ್ರಿಜ್ಜು ತೆರೆದಾಗಲೆಲ್ಲ ಯಜಮಾನರು, "ಏನೇ ಇದು ನಾತ, ಎಸೀಬಾರ್ದಾ?" ಎನ್ನುತ್ತಾರೆ. ನಾನು ಇದ್ದಲ್ಲಿಂದಲೇ ಮೂಗರಳಿಸಿ ಒಮ್ಮೆ ಪರೀಕ್ಷಿಸಿಕೊಳ್ಳುತ್ತೇನೆ. ಹೌದು, ಬರುತ್ತಿದೆ.