ಅವಳ ಕಥೆ ನನ್ನ ಬಾಯಲ್ಲಿ

ಜರ್ಮನಿಯ ಡಾರ್ಮ್‌ಸ್ಟಾಟ್‌ನ ನಮ್ಮ ಬೀದಿಯ ಚರ್ಚ್ ಹಾಲಿಗೆ ಇಸ್ರೇಲಿನ ಒಬ್ಬ ಹೆಂಗಸು, ಪ್ಯಾಲೆಸ್ಟೀನಿನ ಒಬ್ಬ ಗಂಡಸು ಶಾಂತಿಯ ಬಗ್ಗೆ ಒಟ್ಟಿಗೆ ಮಾತಾಡಲು ಬರುತ್ತಾರೆಂದು ಗೊತ್ತಾದಾಗ, ಚಹಾ ಸಮೋಸದ ಜವಾಬ್ದಾರಿಯನ್ನು ನಾನೇ ಮೈಮೇಲೆ ಹಾಕಿಕೊಂಡೆ. ಜೊತೆಗೆ ಯಾರೂ ಕೇಳದ ಒಂದು ಬುದ್ಧಿವಂತಿಕೆಯನ್ನೂ ತೋರಿಸಿದೆ. ಇಬ್ಬರಿಗೂ ಮುಜುಗರವಾಗಬಾರದೆಂದು ಎರಡು ಮೇಜು, ಎರಡು ಫ್ಲಾಸ್ಕು, ನಡುವೆ ಧಾರಾಳ ಜಾಗ. ತುಮಕೂರಿನಲ್ಲಿ ನಮ್ಮ ಮನೆಯ ಮದುವೆಗಳಿಗೆಲ್ಲ ಹಿಂದೂ ಸ್ನೇಹಿತರಿಗೆಂದು ಸಸ್ಯಾಹಾರದ ಪಂಕ್ತಿ ಬೇರೆ ಹಾಕಿಸುತ್ತಿದ್ದ ಅಬ್ಬಾನ ಮಗಳಲ್ಲವೇ ನಾನು!

ಆಕೆ ಬಂದವಳೇ ತನ್ನ ಕುರ್ಚಿಯನ್ನು ದರದರ ಎಳೆದು ಆತನ ಪಕ್ಕಕ್ಕೆ ಹಾಕಿಕೊಂಡಳು. "ಬೆಳಗ್ಗೆಯಿಂದ ಒಂದೇ ಕಾರಿನಲ್ಲಿದ್ದೇವೆ" ಎಂದು ನಕ್ಕಳು. "ಇವಳ ಡ್ರೈವಿಂಗ್ ನೋಡಿದ ಮೇಲೆ ನನಗೆ ಬೇರೆ ಮೇಜೇ ವಾಸಿ" ಎಂದ ಆತ. ಎಲ್ಲರೂ ನಕ್ಕರು. ನಾನು ಎರಡನೇ ಫ್ಲಾಸ್ಕನ್ನು ಸದ್ದಿಲ್ಲದೆ ಒಳಗಿಟ್ಟು ಬಂದೆ.

ನನಗೆ ನಗು ಬರಲಿಲ್ಲ. ಕೊನೆಯ ಸಾಲಿನಲ್ಲಿ ನನ್ನ ಗೆಳತಿ ಕೂತಿದ್ದಳು. ಮೈಸೂರಿನವಳು, ಒಂಬತ್ತು ವರ್ಷ ಒಂದೇ ಟ್ರ್ಯಾಮಿನಲ್ಲಿ ಆಫೀಸಿಗೆ ಹೋದವರು ನಾವು. ಗಾಜಾದ ಮಕ್ಕಳ ಫೋಟೊ ಒಂದನ್ನು ನಮ್ಮ ಹೆಂಗಸರ ವಾಟ್ಸ್ಆ್ಯಪ್ ಗ್ರೂಪಿಗೆ ನಾನು ಹಾಕಿದಾಗ, "ಇಲ್ಲಿ ಇದೆಲ್ಲ ಬೇಡ" ಎಂದು ಬರೆದವಳು ಅವಳೇ. ನಾನು ಗ್ರೂಪ್ ಬಿಟ್ಟೆ. ಅವಳು ಹತ್ತುವ ಟ್ರ್ಯಾಮನ್ನೂ ಬಿಟ್ಟೆ. ಏಳು ತಿಂಗಳು ಹಾಗೇ ಕಳೆಯಿತು. ತುಂಬ ಒಂಟಿಯಾಗಿದ್ದೆ, ಆದರೂ ಫೋನ್ ಮಾಡಲು ನನ್ನ ಹಟ ನನ್ನನ್ನು ಬಿಡಲಿಲ್ಲ.

ಮಾತಾಡಲು ಬಂದ ಆ ಇಬ್ಬರದೊಂದು ಪದ್ಧತಿಯಿತ್ತು. ತಮ್ಮ ಕಥೆಯನ್ನು ತಾವು ಹೇಳುವುದಿಲ್ಲ. ಬಾಂಬಿಗೆ ಸಿಕ್ಕಿ ಸತ್ತ ಆಕೆಯ ತಮ್ಮನ ಬಗ್ಗೆ ಆತ ಹೇಳಿದ. ಗುಂಡಿಗೆ ಬಲಿಯಾದ ಆತನ ಮಗಳ ಬಗ್ಗೆ ಆಕೆ ಹೇಳಿದಳು. "ಶಾಲೆಯಿಂದ ಬರುತ್ತಿದ್ದಳು" ಎಂದಾಗ ಆತ ಮೆಲ್ಲಗೆ ತಡೆದ. "ಶಾಲೆಯಿಂದ ಅಲ್ಲ, ಅಜ್ಜಿಯ ಮನೆಯಿಂದ." ಆಕೆ ಕ್ಷಮೆ ಕೇಳಿ ಆ ಮಾತನ್ನು ತಿದ್ದಿ ಹೇಳಿದಳು. ಆತ ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಹೋದಳು.

ಎಲ್ಲ ಮುಗಿದು ಹಾಲಿನ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ಗೆಳತಿ ಬಂದು ಒರೆಸುವ ಬಟ್ಟೆ ಎತ್ತಿಕೊಂಡಳು. ನಾಲ್ಕೈದು ಲೋಟ ಒರೆಸಿಟ್ಟಳು. ಕೊನೆಗೆ ನಾನೇ, "ನಿನ್ ಕಥೆ ನಾನ್ ಹೇಳ್ಲಾ?" ಎಂದೆ.

"ಹೇಳು."

"ಗ್ರೂಪಲ್ಲಿ ಜಗಳ ಶುರುವಾದ್ರೆ ಒಬ್ಬೊಬ್ರೇ ಬಿಟ್ಟು ಹೋಗ್ತಾರೆ ಅಂತ ನಿಂಗೆ ಟೆನ್ಶನ್ ಆಯ್ತು. ಫೋಟೊ ಸರಿಯಾಗಿ ನೋಡ್ಲೂ ಇಲ್ಲ, ಬೇಡ ಅಂತ ಬರ್ದ್‌ಬಿಟ್ಟೆ."

"ನೋಡ್ದೆ ಕಣೇ," ಎಂದಳು. "ನೋಡಕ್ಕಾಗ್ದೇನೇ ಬೇಡ ಅಂದಿದ್ದು."

ಅದು ನನಗೆ ಹೊಳೆದೇ ಇರಲಿಲ್ಲ. ತಿದ್ದಿಕೊಂಡು ಇನ್ನೊಮ್ಮೆ ಹೇಳಿದೆ. ಆಮೇಲೆ ಅವಳ ಸರದಿ.

"ನಾನ್ ಹಾಗ್ ಬರ್ದಿದ್ದು ನೋಡಿ ನಿಂಗೆ ಸಿಟ್ಟು ಬಂತು. ಬಿಟ್ಟು ಹೋದೆ."

"ಸಿಟ್ಟಲ್ಲ," ಎಂದೆ. "ಭಯ ಆಯ್ತು. ನಾಳೆ ಆ ಫೋಟೊದಲ್ಲಿ ನನ್ ಮಗಳಿದ್ರೂ ನೀನು ಬೇಡ ಅಂತೀಯೇನೋ ಅಂತ."

ಅವಳು ಬಟ್ಟೆಯನ್ನು ಕೆಳಗಿಟ್ಟಳು. "ನಿಂಗೆ ಭಯ ಆಯ್ತು," ಎಂದು ಮೊದಲಿನಿಂದ ಶುರುಮಾಡಿದಳು. ನನ್ನ ಮಗಳ ಹೆಸರಿಗೆ ಬಂದಾಗ ಮಾತು ನಿಂತಿತು. ಪರವಾಗಿಲ್ಲ ಬಿಡು ಎನ್ನಬಹುದಿತ್ತು, ಅನ್ನಲಿಲ್ಲ, ಕಾದೆ. ಅವಳು ಕಣ್ಣೊರೆಸಿಕೊಂಡು ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ತಲೆಯಾಡಿಸಿದೆ.